ಉಮ್ಮ ಬಿದ್ದ ಮೇಲೆ ಹಾಕಿಸಿದ ಹ್ಯಾಂಡಲ್

ಹೊಸ ಮನೆಯ ಒಕ್ಕಲಿಗೆ ಹೋದರೆ ನಮ್ಮಲ್ಲಿ ಒಂದು ಕ್ರಮ ಉಂಟು. ಬಿರಿಯಾನಿಗೆ ಕೂರುವ ಮೊದಲು ಮನೆ ಇಡೀ ನೋಡಬೇಕು. ಹಾಲ್, ಕಿಚನ್, ಮೇಲಿನ ರೂಮುಗಳು ಎಲ್ಲ ಆದ ಮೇಲೆ ಮನೆಯವರು ಬಾತ್‌ರೂಮಿನ ಬಾಗಿಲನ್ನೂ ತೆರೆದು ತೋರಿಸುತ್ತಾರೆ. ಗೋಡೆಗೆ ತುದಿಯ ತನಕ ಟೈಲ್ಸ್, ನೆಲದಲ್ಲಿ ಮುಖ ಕಾಣುವಷ್ಟು ಹೊಳಪು. ನಾವು ‘ಮಾಷಾ ಅಲ್ಲಾಹ್’ ಎನ್ನುತ್ತೇವೆ, ಚದರ ಅಡಿಗೆ ಎಷ್ಟಾಯಿತು ಎಂದು ಕೇಳುತ್ತೇವೆ. ಈ ಮನೆಯ ವಯಸ್ಸಾದ ಉಮ್ಮ ಇಲ್ಲಿ ಎಲ್ಲಿ ಕೈ ಹಿಡಿಯುತ್ತಾರೆ ಎಂದು ಮಾತ್ರ ಇಷ್ಟು ವರ್ಷಗಳಲ್ಲಿ ನಾವು ಯಾರ ಮನೆಯಲ್ಲೂ ಕೇಳಿದ್ದಿಲ್ಲ. ನಮ್ಮ ಮನೆಗೆ ಬಂದವರೂ ಕೇಳಿರಲಿಲ್ಲ.

ನಾವು ನಾಲ್ಕು ಮಂದಿ ಮಕ್ಕಳು. ಇಬ್ಬರು ಗಲ್ಫಿನಲ್ಲಿ, ಇಬ್ಬರು ಊರಲ್ಲಿ. ಹಳೆಯ ಹಂಚಿನ ಮನೆ ಕೆಡವಿ ಹೊಸತು ಕಟ್ಟುವಾಗ ಉಮ್ಮನಿಗೆಂದೇ ಕೆಳಗೆ ಅಟ್ಯಾಚ್ಡ್ ರೂಮ್ ಮಾಡಿದೆವು. ಅದಕ್ಕೆ ಮನೆಯಲ್ಲೇ ದುಬಾರಿ ಟೈಲ್ಸ್ ಹಾಕಿಸಿದೆವು, ಪ್ರೀತಿಯಿಂದಲೇ. ಉಮ್ಮನಿಗೆ ಆಗ ಎಪ್ಪತ್ತು ದಾಟಿತ್ತು, ಶುಗರ್ ಇತ್ತು, ಬಿಪಿ ಮಾತ್ರೆ ಇತ್ತು, ಒಂದು ಮೊಣಕಾಲು ಸರಿ ಇರಲಿಲ್ಲ. ಇದೆಲ್ಲ ನಮಗೆ ಗೊತ್ತಿತ್ತು. ಟೈಲ್ಸ್ ಅಂಗಡಿಯಲ್ಲಿ ನಿಂತಾಗ ಮಾತ್ರ ಒಬ್ಬರಿಗೂ ನೆನಪಾಗಲಿಲ್ಲ.

ಮಳೆಗಾಲದ ಒಂದು ರಾತ್ರಿ ಸುಬ್‌ಹಿ ಬಾಂಗಿಗಿಂತ ಬಹಳ ಮೊದಲು ಉಮ್ಮ ಎದ್ದಿದ್ದಾರೆ. ಕರೆಂಟ್ ಇರಲಿಲ್ಲ. ಇನ್ವರ್ಟರ್ ಲೈನ್ ಹಾಲಿಗೆ, ಬೆಡ್‌ರೂಮುಗಳಿಗೆ ಕೊಟ್ಟಿದ್ದೆವು, ಬಾತ್‌ರೂಮಿಗೆ ಕೊಟ್ಟಿರಲಿಲ್ಲ. ವುಝೂ ಮಾಡುತ್ತ ಕೊನೆಗೆ ಕಾಲು ತೊಳೆಯುವಾಗ ಬಿದ್ದಿದ್ದಾರೆ. ಸದ್ದು ಕೇಳಿ ಓಡಿದರೆ ಬಾಗಿಲಿಗೆ ಒಳಗಿನಿಂದ ಚಿಲಕ. ಚಿಲಕ ಮುರಿದರೂ ಬಾಗಿಲು ತೆರೆಯಲಿಲ್ಲ, ಏಕೆಂದರೆ ಅದು ಒಳಕ್ಕೆ ತೆರೆಯುವ ಬಾಗಿಲು, ಉಮ್ಮ ಅದಕ್ಕೇ ಒರಗಿ ಬಿದ್ದಿದ್ದರು. ಜೋರಾಗಿ ತಳ್ಳಿದರೆ ಅವರಿಗೇ ಪೆಟ್ಟು. ಪಕ್ಕದ ಮನೆಯವರು ಕಬ್ಬಿಣದ ಹಾರೆ ತಂದು ಹಿಂಜ್ ಕಿತ್ತು ಬಾಗಿಲನ್ನೇ ತೆಗೆಯುವಷ್ಟರಲ್ಲಿ ಅರ್ಧ ಗಂಟೆ ಹೋಗಿತ್ತು. ಆ ಅರ್ಧ ಗಂಟೆ ಒಳಗಿನಿಂದ ಉಮ್ಮ ಹೇಳುತ್ತಿದ್ದದ್ದು ಒಂದೇ ಮಾತು, ‘ಗಂಡಸರು ಒಳಗೆ ಬರಬೇಡಿ, ನನ್ನ ಶಾಲು ಎಲ್ಲಿ?’

ಸೊಂಟದ ಕೀಲಿನ ಹತ್ತಿರ ತೊಡೆಯ ಎಲುಬು ಮುರಿದಿತ್ತು. ಆಪರೇಷನ್ ಆಯಿತು, ದೇವರ ದಯೆಯಿಂದ ಉಮ್ಮ ಉಳಿದರು. ಆಪರೇಷನಿಗೆ ಮೊದಲು ಡಾಕ್ಟರ್ ಕೇಳಿದ ಪ್ರಶ್ನೆಗಳು ನಮಗೆ ಈಗಲೂ ಕಿವಿಯಲ್ಲಿ ಉಂಟು. ನೆಲ ಎಂಥದ್ದು? ಲೈಟ್ ಇತ್ತಾ? ನಿಂತು ವುಝೂ ಮಾಡ್ತಾರಾ, ಕೂತಾ? ಹಿಡಿಯಲಿಕ್ಕೆ ಏನಾದರೂ ಇತ್ತಾ? ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆಸ್ಪತ್ರೆಗೆ ನೋಡಲು ಬಂದವರೆಲ್ಲ ವಿಧಿ ಎಂದರು, ಉಮ್ಮನೂ ‘ವಿಧಿ ಮೋನೆ’ ಎಂದರು. ವಿಧಿಯ ಮೇಲೆ ನಮಗೂ ನಂಬಿಕೆ ಉಂಟು. ಆದರೆ ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆ ಇಡಲು ಹೊರಟವನಿಗೆ ಮೊದಲು ಅದನ್ನು ಕಟ್ಟು ಎಂದು ಪ್ರವಾದಿಯವರು ಕಲಿಸಿದ್ದು ಮದ್ರಸದ ಮಕ್ಕಳಿಗೂ ಗೊತ್ತು. ಆ ಬಾತ್‌ರೂಮನ್ನು ಕಟ್ಟಿಸಿದ್ದು ವಿಧಿಯಲ್ಲ, ನಾವು.

ಅದಕ್ಕೇ ಈ ವಾರ ಈ ಪುಟದಲ್ಲಿ ಬಾತ್‌ರೂಮಿನ ವಿಷಯ. ಇದೇನು ಬರೆಯುವ ಸಂಗತಿಯಾ ಎಂದು ಕೆಲವರಿಗೆ ಅನ್ನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಬೀಳುವುದೇ ಎರಡನೆಯದು, ಅದರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಹೆದ್ದಾರಿಯ ಹೊಂಡದ ಬಗ್ಗೆ ನಾವು ಎಷ್ಟು ಮಾತಾಡುತ್ತೇವೆ!

ನಮ್ಮ ಮನೆಗಳಲ್ಲಿ ಈ ಅಪಾಯಕ್ಕೆ ಒಂದು ವಿಶೇಷ ಕಾರಣವೂ ಉಂಟು. ಬೇರೆ ಮನೆಗಳಲ್ಲಿ ವಯಸ್ಸಾದವರು ಸ್ನಾನಕ್ಕೆ, ಶೌಚಕ್ಕೆ ಹೋಗುತ್ತಾರೆ. ನಮ್ಮವರು ಅದರ ಜೊತೆಗೆ ದಿನಕ್ಕೆ ಐದು ಸಲ ವುಝೂ ಮಾಡುತ್ತಾರೆ. ತಹಜ್ಜುದ್ ಅಭ್ಯಾಸ ಇದ್ದವರಿಗೆ ಆರು. ಆರೋಗ್ಯ ಸರಿ ಇಲ್ಲದೆ ಕೂತು ನಮಾಝ್ ಮಾಡುವವರೂ ವುಝೂವನ್ನು ಮಾತ್ರ ನಿಂತೇ ಮಾಡುತ್ತಾರೆ! ಬೇಸಿನ್ ಮುಂದೆ ನಿಂತು, ಒಂದು ಕೈ ಗೋಡೆಗೆ ಒತ್ತಿ, ಒದ್ದೆ ಟೈಲ್ಸಿನ ಮೇಲೆ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲನ್ನು ಬೇಸಿನ್ ತನಕ ಎತ್ತುವ ಎಪ್ಪತ್ತೈದರ ಅಜ್ಜನನ್ನು ನೀವು ನೋಡಿಲ್ಲವೇ? ಇಪ್ಪತ್ತರ ಹುಡುಗನಿಗೂ ಅದು ಸರ್ಕಸ್ಸೇ. ಕಾಲು ತೊಳೆಯುವುದು ವುಝೂವಿನ ಕೊನೆಯ ಅಂಗ, ಅಷ್ಟರಲ್ಲಿ ನೆಲ ಪೂರ್ತಿ ಒದ್ದೆಯಾಗಿರುತ್ತದೆ.

ನಮ್ಮ ಹಿರಿಯರ ಕಾಲದಲ್ಲಿ ಹೀಗಿರಲಿಲ್ಲ. ಮೂತಿ ಇರುವ ಕಿಂಡಿಯಲ್ಲಿ ನೀರು ತುಂಬಿಸಿ, ಜಗಲಿಯ ಬದಿಯಲ್ಲೋ ಬಾವಿಕಟ್ಟೆಯ ಹತ್ತಿರವೋ ಮಣೆ ಹಾಕಿ ಕೂತು ವುಝೂ ಮಾಡುತ್ತಿದ್ದರು. ನೀರೂ ಕಡಿಮೆ ಸಾಕಾಗುತ್ತಿತ್ತು. ಬಚ್ಚಲಿಗೆ ಒರಟು ಕಲ್ಲು ಹಾಸಿರುತ್ತಿದ್ದರು. ಹಳತೆಲ್ಲ ಚಿನ್ನ ಎಂದು ನಾವು ಹೇಳುತ್ತಿಲ್ಲ, ಅದೇ ಕಲ್ಲಿಗೆ ಆಟಿ ತಿಂಗಳಲ್ಲಿ ಪಾಚಿ ಹಿಡಿದು ಜಾರಿ ಬಿದ್ದವರೂ ಇದ್ದರು, ರಾತ್ರಿ ಹೊರಗೆ ಹೋಗುವ ಕಷ್ಟ ಹೆಂಗಸರಿಗೇ ಗೊತ್ತು. ಆದರೆ ಕೂತು ವುಝೂ ಮಾಡುವ ಅಭ್ಯಾಸವನ್ನು ನಾವು ಯಾಕೆ ಬಿಟ್ಟೆವು? ಬೇಸಿನ್ ಬಂತು, ಅದಕ್ಕೆ ಬಿಟ್ಟೆವು. ಈಗ ನಮ್ಮ ಬಾತ್‌ರೂಮಿನಲ್ಲಿ ಮೊಣಕಾಲು ಎತ್ತರಕ್ಕೆ ಒಂದು ನಳ್ಳಿ, ಅದರ ಎದುರು ಗೋಡೆಗೆ ಸೇರಿಸಿ ಕಟ್ಟಿದ ಒಂದು ಕಟ್ಟೆ ಉಂಟು. ಉಮ್ಮ ಅಲ್ಲಿ ಕೂತೇ ವುಝೂ ಮಾಡುತ್ತಾರೆ. ಮೇಸ್ತ್ರಿಗೆ ಒಂದು ದಿನದ ಕೆಲಸವೂ ಇರಲಿಲ್ಲ. ಕಟ್ಟೆಗೆ ಜಾಗ ಇಲ್ಲದವರು ಅಗಲ ಕಾಲಿನ, ಅಡಿಗೆ ರಬ್ಬರ್ ಬೂಚು ಇರುವ ಗಟ್ಟಿ ಸ್ಟೂಲ್ ಇಡಬಹುದು. ಮದುವೆ ಹಾಲಿನ ಪ್ಲಾಸ್ಟಿಕ್ ಕುರ್ಚಿಯನ್ನು ಮಾತ್ರ ದಯವಿಟ್ಟು ಇಡಬೇಡಿ. ಒದ್ದೆ ಟೈಲ್ಸಿನ ಮೇಲೆ ಭಾರ ಬಿದ್ದರೆ ಅದರ ಕಾಲುಗಳು ಹೊರಕ್ಕೆ ಜಾರುತ್ತವೆ, ಕೂತವರನ್ನೂ ಕೊಂಡುಹೋಗುತ್ತವೆ.

ನೆಲದ ಬಗ್ಗೆ ಹೇಳುವುದಾದರೆ, ಟೈಲ್ಸ್ ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಟೈಲ್ಸನ್ನು ನೆಲಕ್ಕಿಟ್ಟು ನೀರು, ಎರಡು ತೊಟ್ಟು ಸೋಪು ಹಾಕಿ, ಕೂತುಕೊಂಡು ಹೆಬ್ಬೆರಳಿನಿಂದ ಒತ್ತಿ ತಳ್ಳಿ. ಸುಯ್ಯೆಂದು ಹೋದರೆ ಆ ಟೈಲ್ಸ್ ಹಾಲಿನ ಗೋಡೆಗಾಗಲಿ, ಬಾತ್‌ರೂಮಿನ ನೆಲಕ್ಕೆ ಬೇಡ. ಮ್ಯಾಟ್ ಫಿನಿಶ್, ಆ್ಯಂಟಿ ಸ್ಕಿಡ್ ಎಂದು ಕೇಳಿದರೆ ಕೊಡುತ್ತಾರೆ. ಟೈಲ್ಸ್ ಸಣ್ಣದಾದಷ್ಟೂ ನಡುವಿನ ಗೆರೆಗಳು ಹೆಚ್ಚು, ಕಾಲಿಗೆ ಹಿಡಿತವೂ ಹೆಚ್ಚು. ಈಗಾಗಲೇ ನುಣುಪು ಟೈಲ್ಸ್ ಹಾಕಿಸಿಬಿಟ್ಟವರು ಕಿತ್ತು ಹಾಕಬೇಕೆಂದೇನೂ ಇಲ್ಲ. ರಬ್ಬರಿನ, ತೂತು ತೂತಿನ ಮ್ಯಾಟ್ ಸಿಗುತ್ತದೆ, ನೀರು ಅಡಿಯಿಂದ ಇಳಿದು ಹೋಗುತ್ತದೆ. ನಮ್ಮ ಹೆಂಗಸರು ಬಾತ್‌ರೂಮಿಗೆ ಮ್ಯಾಟ್ ಬೇಡ ಎನ್ನುವುದಕ್ಕೆ ಒಂದು ನ್ಯಾಯವಾದ ಕಾರಣ ಉಂಟು, ಬಟ್ಟೆಯ ಮ್ಯಾಟಿನಲ್ಲಿ ನಜಸ್ ನಿಂತರೆ ಗೊತ್ತಾಗುವುದಿಲ್ಲ. ರಬ್ಬರ್ ಮ್ಯಾಟನ್ನು ಎತ್ತಿ ಎರಡೂ ಬದಿ ನೀರು ಹೊಯ್ದು ತೊಳೆಯಬಹುದು, ಆ ಸಂಶಯವೂ ಇಲ್ಲ. ವಾರಕ್ಕೊಮ್ಮೆ ಉಜ್ಜಿ ತೊಳೆಯದಿದ್ದರೆ ಅದರ ಅಡಿಯಲ್ಲೇ ಲೋಳೆ ಕಟ್ಟುತ್ತದೆ ಎಂಬುದನ್ನೂ ಹೇಳಬೇಕು.

ಬಾತ್‌ರೂಮಿನ ಚಪ್ಪಲಿಯನ್ನು ಒಮ್ಮೆ ತಿರುಗಿಸಿ ನೋಡಿ. ಮನೆಯವರೆಲ್ಲ ಹಾಕಿ ಸವೆಸಿ ಇನ್ನು ಹೊರಗೆ ಹಾಕಲಿಕ್ಕಾಗುವುದಿಲ್ಲ ಎಂದಾದ ಹವಾಯಿ ಚಪ್ಪಲಿಯೇ ನಮ್ಮಲ್ಲಿ ಬಾತ್‌ರೂಮಿಗೆ ಬಡ್ತಿ ಪಡೆಯುವುದು. ಅಡಿಯ ಗೆರೆಗಳೆಲ್ಲ ಹೋಗಿ ಕನ್ನಡಿಯಾಗಿರುತ್ತದೆ. ನುಣುಪು ನೆಲದ ಮೇಲೆ ನುಣುಪು ಚಪ್ಪಲಿ, ನಡುವೆ ನೀರು. ಅದಕ್ಕೆ ಎಣ್ಣೆಯೂ ಸೇರುವ ಮನೆ ಬಾಣಂತಿ ಇರುವ ಮನೆ. ಮಗಳು ಹೆರಿಗೆಗೆ ಬಂದಿರುತ್ತಾಳೆ, ಮಗುವಿಗೂ ಬಾಣಂತಿಗೂ ತೆಂಗಿನೆಣ್ಣೆ ಹಚ್ಚಿ ಬಿಸಿನೀರು ಹೊಯ್ಯುತ್ತಾರೆ, ಬಳಿಕ ಎಲ್ಲರ ಗಮನ ಮಗುವಿನ ಕಡೆ. ನೆಲದ ಎಣ್ಣೆ ನೆಲದಲ್ಲೇ ಇರುತ್ತದೆ. ನಂತರ ಲುಹರ್ ವುಝೂವಿಗೆ ಅದೇ ಬಾತ್‌ರೂಮಿಗೆ ಹೋಗುವವರು ಅಜ್ಜಿ. ಎಣ್ಣೆ ಸ್ನಾನ ಆದ ಮೇಲೆ ನೆಲಕ್ಕೆ ಸೋಪಿನ ಪುಡಿ ಹಾಕಿ ಉಜ್ಜಿ, ವೈಪರ್ ಎಳೆದ ಮೇಲೆಯೇ ಸ್ನಾನ ಮುಗಿಯಿತು ಎಂದು ಲೆಕ್ಕ ಮಾಡಬೇಕು.

ಇನ್ನು ಹ್ಯಾಂಡಲ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು, ಏಕೆಂದರೆ ನಮ್ಮಲ್ಲಿ ಹ್ಯಾಂಡಲ್ ಇಲ್ಲದಿರುವುದು ದುಡ್ಡಿಲ್ಲದೆ ಅಲ್ಲ. ಒಂದೂವರೆ ಅಡಿಯ ಸ್ಟೀಲ್ ಹ್ಯಾಂಡಲಿಗೆ ಒಂದು ಮನೆಗೆ ಬಿರಿಯಾನಿ ಅಕ್ಕಿ ತರುವಷ್ಟೂ ಆಗುವುದಿಲ್ಲ. ಅಡ್ಡ ಬರುವುದು ಮರ್ಯಾದೆ. ಉಮ್ಮ ಬೀಳುವುದಕ್ಕೆ ಎರಡು ವರ್ಷ ಮೊದಲು ನಮ್ಮ ತಂಗಿ ಒಮ್ಮೆ ಈ ಮಾತು ಎತ್ತಿದ್ದಳು. ‘ಇದೆಂತ ಆಸ್ಪತ್ರೆಯಾ? ನನಗೆ ಅಷ್ಟು ವಯಸ್ಸಾಗಲಿಲ್ಲ’ ಎಂದು ಉಮ್ಮ ಬಾಯಿ ಮುಚ್ಚಿಸಿದರು. ಟೈಲ್ಸಿಗೆ ತೂತು ಕೊರೆಯಬೇಕಲ್ಲ ಎಂದು ನಾವೂ ಸುಮ್ಮನಾದೆವು. ನಿಜ ಹೇಳಬೇಕೆಂದರೆ ಉಮ್ಮನ ಹಟಕ್ಕಿಂತ ನಮ್ಮ ಟೈಲ್ಸಿನ ಮೋಹ ದೊಡ್ಡದಿತ್ತು.

ವಯಸ್ಸಾದವರಿಗೆ ‘ನಿಮಗೆ ವಯಸ್ಸಾಯಿತು, ಹ್ಯಾಂಡಲ್ ಹಾಕುತ್ತೇವೆ’ ಎಂದರೆ ಒಪ್ಪುವುದಿಲ್ಲ. ಒಪ್ಪಬೇಕೆಂದೂ ಇಲ್ಲ, ಯಾರಿಗೆ ಇಷ್ಟ ಅದು? ಬದಲಿಗೆ ಮನೆ ಕಟ್ಟುವಾಗಲೇ ಎಲ್ಲ ಬಾತ್‌ರೂಮಿಗೂ ಹಾಕಿಬಿಟ್ಟರೆ ಅದು ಅಜ್ಜಿಯ ಹ್ಯಾಂಡಲ್ ಆಗುವುದಿಲ್ಲ, ಮನೆಯ ಹ್ಯಾಂಡಲ್ ಆಗುತ್ತದೆ. ಬಸುರಿ ಸೊಸೆ ಹಿಡಿಯುತ್ತಾಳೆ, ಫುಟ್‌ಬಾಲಿನಲ್ಲಿ ಕಾಲು ಉಳುಕಿಸಿಕೊಂಡ ಮಗ ಹಿಡಿಯುತ್ತಾನೆ. ಹೋಟೆಲಿನ ಬಾತ್‌ರೂಮಿನಲ್ಲಿ ಇದ್ದರೆ ಸ್ಟ್ಯಾಂಡರ್ಡ್, ನಮ್ಮ ಮನೆಯಲ್ಲಿ ಇದ್ದರೆ ಆಸ್ಪತ್ರೆ ಎಂಬ ಲೆಕ್ಕ ಎಲ್ಲಿಂದ ಬಂತೋ.

ಹಾಕಿಸುವಾಗ ಒಂದೆರಡು ಸಂಗತಿ ನೋಡಬೇಕು. ಟವೆಲ್ ಹಾಕುವ ರಾಡು ಹ್ಯಾಂಡಲ್ ಅಲ್ಲ, ಜಾರುವವರು ಅದನ್ನು ಹಿಡಿದರೆ ಅದೂ ಕಿತ್ತು ಬರುತ್ತದೆ. ಬೇಸಿನ್ ಕೂಡ ಹಾಗೆಯೇ, ಅದರ ಮೇಲೆ ಭಾರ ಹಾಕಿ ಬೇಸಿನ್ ಸಮೇತ ಬಿದ್ದವರಿದ್ದಾರೆ. ಹ್ಯಾಂಡಲ್ ಮುಷ್ಟಿಗೆ ಸರಿಯಾಗಿ ಸಿಗಬೇಕು, ಒಂದೂವರೆ ಇಂಚಿನಷ್ಟು ದಪ್ಪ ಇದ್ದರೆ ಒಳ್ಳೆಯದು. ಕಮೋಡಿನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು, ಬಾಗಿಲು ದಾಟುವಲ್ಲಿ ಒಂದು. ಎತ್ತರವನ್ನು ಪ್ಲಂಬರ್ ತೀರ್ಮಾನಿಸುವುದು ಬೇಡ, ಯಾರಿಗೆ ಬೇಕೋ ಅವರನ್ನೇ ಕಮೋಡಿನ ಮೇಲೆ ಕೂರಿಸಿ, ಏಳುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಎಂದು ನೋಡಿ ಅಲ್ಲಿ ಗುರುತು ಹಾಕಿ. ನಮ್ಮ ಕರಾವಳಿಯ ಮನೆಗಳಲ್ಲಿ ಟೈಲ್ಸಿನ ಹಿಂದೆ ಹೆಚ್ಚಾಗಿ ಮುರಕಲ್ಲು ಇರುತ್ತದೆ. ಅದು ಮೆದು, ಸಣ್ಣ ಪ್ಲಗ್ಗಿನ ಸ್ಕ್ರೂ ಅದರಲ್ಲಿ ನಿಲ್ಲುವುದಿಲ್ಲ. ಉದ್ದದ ಬೋಲ್ಟ್ ಹಾಕಿಸಿ, ಕೆಲಸದವರು ಹೋಗುವ ಮೊದಲು ಮನೆಯಲ್ಲಿ ಎಲ್ಲರಿಗಿಂತ ತೂಕದವರು ಅದನ್ನು ಹಿಡಿದು ಎಳೆದು ನೋಡಬೇಕು.

ಬಾಗಿಲಿನ ಪಾಠ ನಾವು ದುಬಾರಿ ಬೆಲೆ ಕೊಟ್ಟು ಕಲಿತೆವು. ಬಾತ್‌ರೂಮಿನ ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಕಾರ್ಪೆಂಟರಿಗೆ ಹೇಳಿದರೆ ಹಳೆಯ ಬಾಗಿಲನ್ನೂ ತಿರುಗಿಸಿ ಕೂರಿಸಬಹುದು. ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆರೆಯಬಹುದಾದ ಲಾಕ್ ಸಿಗುತ್ತದೆ. ‘ಚಿಲಕ ಹಾಕಬೇಡಿ ಉಮ್ಮ’ ಎಂದು ಹೇಳಿ ಪ್ರಯೋಜನವಿಲ್ಲ, ಜೀವಮಾನ ಇಡೀ ಪರದೆಯಲ್ಲಿ ಬದುಕಿದ ಹೆಂಗಸು ಚಿಲಕ ಹಾಕದೆ ಸ್ನಾನ ಮಾಡುವುದಿಲ್ಲ. ಹಾಗಾಗಿ ಆ ಲಾಕೇ ಸರಿ. ಇನ್ನೊಂದು ಸುಲಭದ ದಾರಿ, ಹೊರಗಿನ ಹಿಡಿಕೆಗೆ ಒಂದು ಬಣ್ಣದ ಟವೆಲ್ ಕಟ್ಟುವುದು. ಟವೆಲ್ ಇದ್ದರೆ ಒಳಗೆ ಜನ ಇದ್ದಾರೆ ಎಂದು ಮನೆಯವರಿಗೆಲ್ಲ ಗೊತ್ತಿರಬೇಕು. ಟವೆಲ್ ಬಹಳ ಹೊತ್ತು ಇದ್ದರೆ ಒಮ್ಮೆ ಕರೆದು ನೋಡಲೂ ನೆನಪಾಗುತ್ತದೆ.

ರಾತ್ರಿಯ ಬಗ್ಗೆ ಒಂದು ಮಾತು. ಮಲಗಿದವರು ತಟ್ಟನೆ ಎದ್ದು ನಿಂತರೆ ರಕ್ತದ ಒತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಬಿಪಿ ಮಾತ್ರೆ, ಮೂತ್ರ ಹೋಗುವ ಮಾತ್ರೆ, ನಿದ್ರೆ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಹೆಚ್ಚು. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಕಾಲು ಆಡಿಸಿ, ಆಮೇಲೆ ಏಳಬೇಕು. ಗಂಡಸರಲ್ಲಿ ಕೆಲವರಿಗೆ ರಾತ್ರಿ ನಿಂತು ಮೂತ್ರ ಮಾಡುವಾಗಲೇ ತಲೆ ತಿರುಗುವುದುಂಟು, ಕೂತು ಮಾಡುವುದು ನಮಗೆ ಕಲಿಸಿದ ಅದಬೂ ಹೌದು, ಕ್ಷೇಮವೂ ಹೌದು. ರಮಝಾನಿನಲ್ಲಿ ಶುಗರ್ ಇರುವವರು ಡಾಕ್ಟರನ್ನು ಕೇಳದೆ ಮಾತ್ರೆಯ ಹೊತ್ತು ಬದಲಿಸಿ, ಅಸರ್ ಹೊತ್ತಿಗೆ ಶುಗರ್ ಇಳಿದು, ವುಝೂವಿಗೆ ಹೋದಲ್ಲೇ ಕುಸಿಯುವುದು ಪ್ರತಿ ವರ್ಷದ ಕಥೆ. ಮಂಚದಿಂದ ಬಾತ್‌ರೂಮಿನ ತನಕ ರಾತ್ರಿ ಇಡೀ ಉರಿಯುವ ಒಂದು ಸಣ್ಣ ಬಲ್ಬ್ ಇರಲಿ, ಇನ್ವರ್ಟರ್ ಇದ್ದರೆ ಮೊದಲ ಲೈನ್ ಬಾತ್‌ರೂಮಿಗೆ ಹೋಗಲಿ. ಒಳಗಿನ ನೆಲ ಎರಡು ಇಂಚು ತಗ್ಗಿದ್ದು ಹೊರಗೂ ಒಳಗೂ ಒಂದೇ ಬಣ್ಣದ ಟೈಲ್ಸ್ ಇದ್ದರೆ ಪೊರೆ ಬಂದ ಕಣ್ಣಿಗೆ ಆ ಮೆಟ್ಟಿಲು ಕಾಣುವುದೇ ಇಲ್ಲ, ಅಂಚಿಗೆ ಹಳದಿ ಟೇಪಾದರೂ ಅಂಟಿಸಿ.

ಇಷ್ಟಾದರೂ ಯಾರಾದರೂ ಬಿದ್ದರೆ ಗಾಬರಿಯಲ್ಲಿ ಕಂಕುಳಿಗೆ ಕೈ ಹಾಕಿ ಎಬ್ಬಿಸಲು ಹೋಗಬೇಡಿ. ಒಂದು ಕಾಲು ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿದಂತೆ ಕಂಡರೆ ಸೊಂಟದ ಹತ್ತಿರ ಎಲುಬು ಮುರಿದಿದೆ ಎಂದೇ ತಿಳಿದು, ಮೇಲೊಂದು ಹೊದಿಕೆ ಹಾಕಿ, 108ಕ್ಕೆ ಕರೆ ಮಾಡಿ. ಎಣ್ಣೆ ತಿಕ್ಕಿಸುವ, ಕಟ್ಟು ಹಾಕಿಸುವ ಮಾತು ಆ ಹೊತ್ತಿಗೆ ಬೇಡ. ಈ ಮುರಿತಕ್ಕೆ ಒಂದೆರಡು ದಿನದೊಳಗೆ ಆಪರೇಷನ್ ಆದರೆ ಒಳ್ಳೆಯದು, ವಯಸ್ಸಾದವರು ಹಾಸಿಗೆಯಲ್ಲೇ ಉಳಿದಷ್ಟೂ ನ್ಯುಮೋನಿಯಾ, ಬೆನ್ನುಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಒಂದೊಂದಾಗಿ ಬರುತ್ತವೆ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ತಲೆ ಬಡಿದುಕೊಂಡರೆ, ಆರಾಮ ಇದ್ದೇನೆ ಎಂದರೂ ಆಸ್ಪತ್ರೆಗೆ ತೋರಿಸಲೇಬೇಕು.

ಮಕ್ಕಳ ವಿಷಯ ಬೇರೆ. ಅವರು ಜಾರಿ ಬಿದ್ದರೆ ಅತ್ತು ಎದ್ದು ಓಡುತ್ತಾರೆ. ಅವರ ಅಪಾಯ ಬಕೆಟ್. ಒಂದರಿಂದ ಎರಡು ವರ್ಷದ ಮಗುವಿಗೆ ದೇಹದ ಅಳತೆಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಬಕೆಟಿನ ಅಂಚು ಹಿಡಿದು ಇಣುಕಿ ನೋಡಿ ತಲೆಕೆಳಗಾಗಿ ಒಳಗೆ ಬಿದ್ದರೆ ಕೈಯೂರಿ ಮೇಲೆ ಬರಲು ಅದಕ್ಕೆ ಬಲ ಇಲ್ಲ. ಮೂಗು ಬಾಯಿ ಮುಳುಗುವಷ್ಟು, ಎರಡಿಂಚು ನೀರಿದ್ದರೂ ಸಾಕು, ಕೆಲವೇ ನಿಮಿಷ. ಕೂಗುತ್ತದೆ, ಕೇಳುತ್ತದೆ ಎಂದು ನಾವು ತಿಳಿದಿದ್ದೇವೆ. ತಲೆ ನೀರಿನಲ್ಲಿರುವ ಮಗು ಕೂಗುವುದಿಲ್ಲ, ಪಕ್ಕದ ರೂಮಿನಲ್ಲಿದ್ದರೂ ಕೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಪ್ರಕಾರ 2021ರಲ್ಲಿ ಪ್ರಪಂಚದಲ್ಲಿ ಮೂರು ಲಕ್ಷ ಮಂದಿ ನೀರಲ್ಲಿ ಮುಳುಗಿ ಸತ್ತರು, ಅವರಲ್ಲಿ ಸುಮಾರು ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ನಮಗೆ ಮುಳುಗುವುದು ಎಂದರೆ ಕಡಲು, ನೇತ್ರಾವತಿ. ಬಕೆಟ್ ನೆನಪಿಗೆ ಬರುವುದಿಲ್ಲ.

ಬೇಸಿಗೆಯಲ್ಲಿ ಇದು ಹೆಚ್ಚು. ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದ ವರ್ಷಗಳಲ್ಲಿ ಮಂಗಳೂರಿನವರು ನೀರು ಬಂದಾಗ ಡ್ರಮ್ಮು, ಬಕೆಟು, ಕೊಡ ಎಲ್ಲ ತುಂಬಿಸಿಡುತ್ತಾರೆ. 2019ರ ಮೇಯಲ್ಲಿ ರೇಷನಿಂಗ್ ಇದ್ದಾಗ ಯಾರ ಮನೆಯ ಬಾತ್‌ರೂಮಿನಲ್ಲೂ ಕಾಲಿಡಲು ಜಾಗ ಇರಲಿಲ್ಲ. ಮಕ್ಕಳಿಗೆ ಶಾಲೆಯ ರಜೆ, ಹೆಣ್ಣುಮಕ್ಕಳು ತವರಿಗೆ ಬರುವುದು, ಮದುವೆಗಳು, ಎಲ್ಲವೂ ಅದೇ ತಿಂಗಳು. ಮನೆಯಲ್ಲಿ ಹದಿನೈದು ಮಂದಿ ಇದ್ದರೆ ಮಗುವನ್ನು ಇನ್ನೊಬ್ಬರು ನೋಡುತ್ತಿದ್ದಾರೆ ಎಂದು ಹದಿನೈದು ಮಂದಿಯೂ ತಿಳಿದಿರುತ್ತಾರೆ. ಡ್ರಮ್ಮಿಗೆ ಗಟ್ಟಿ ಮುಚ್ಚಳ ಹಾಕಿ, ಬಕೆಟನ್ನು ಬಳಸಿದ ಕೂಡಲೇ ಕವುಚಿ ಇಡಿ, ಬಾತ್‌ರೂಮಿನ ಹೊರಬದಿಗೆ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಒಂದು ಚಿಲಕ ಹಾಕಿಸಿ. ನೀರು ಹಾಳು ಮಾಡಬಾರದು ಎಂದು ಅರ್ಧ ಬಕೆಟ್ ನೀರು ಹಾಗೇ ಬಿಡುವ ಒಳ್ಳೆಯ ಅಭ್ಯಾಸ ಪುಟ್ಟ ಮಗು ಇರುವ ಮನೆಗೆ ಒಳ್ಳೆಯದಲ್ಲ, ಆ ನೀರನ್ನು ಗಿಡಕ್ಕೆ ಹೊಯ್ಯಿರಿ.

ಬಿಸಿನೀರು ಇನ್ನೊಂದು. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ, ಮಗುವಿನ ಚರ್ಮಕ್ಕೆ ಅಷ್ಟೂ ಬೇಡ. ಶುಗರಿನಿಂದ ಕಾಲಿನ ಸ್ಪರ್ಶ ಹೋದ ಅಜ್ಜನಿಗೆ ಸುಟ್ಟದ್ದು ಗೊತ್ತಾಗುವುದೇ ಗುಳ್ಳೆ ಎದ್ದ ಮೇಲೆ. ಗೀಸರಿನ ತಿರುಗಣೆಯನ್ನು 50ರ ಒಳಗೆ ಇಡಬಹುದು. ಬಕೆಟಿಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು, ಕೊನೆಗೆ ಮೊಣಕೈ ಅದ್ದಿ ನೋಡುವುದು. ಬಿಸಿ ತುಂಬಿದ ಬಕೆಟ್ ಇಟ್ಟು ತಣ್ಣೀರು ಬಿಡಲು ತಿರುಗಿದ ಅರೆಗಳಿಗೆಯಲ್ಲೇ ಮಗು ಕೈ ಹಾಕುವುದು. ಸುಟ್ಟರೆ ನಳ್ಳಿಯ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಯಬಿಡಿ. ಟೂತ್‌ಪೇಸ್ಟ್, ಐಸು ಏನೂ ಬೇಡ. ನೀರು ಕಾಯಿಸುವ ಕಾಯಿಲ್ ಹಾಕಿದ ಬಕೆಟಿಗೆ ಸ್ವಿಚ್ ತೆಗೆದು ಪ್ಲಗ್ ಕೀಳದೆ ಬೆರಳು ಅದ್ದಿ ನೋಡುವುದು ಸಾವನ್ನು ಮುಟ್ಟಿ ನೋಡಿದ ಹಾಗೆ. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಉಂಟಾ ಎಂದು ಎಲೆಕ್ಟ್ರಿಷಿಯನನ್ನು ಕೇಳಿ. ಗ್ಯಾಸ್ ಗೀಸರ್ ಇದ್ದರೆ ಅದು ಬಾತ್‌ರೂಮಿನ ಹೊರಗೇ ಇರಬೇಕು. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಸ್ನಾನಕ್ಕೆ ಹೋದವರು ತಲೆ ತಿರುಗಿ ಅಲ್ಲೇ ಬೀಳುತ್ತಾರೆ.

ಟಾಯ್ಲೆಟ್ ತೊಳೆಯುವ ಆ್ಯಸಿಡನ್ನು ಕೋಲದ ಬಾಟಲಿಗೆ ಹಾಕಿ ಇಡುವವರಿಗೆ ನಾವು ಕೈ ಮುಗಿದು ಕೇಳುತ್ತೇವೆ, ಬೇಡ. ಬಾಯಾರಿದ ಮಗು ಬಾಟಲಿಯ ಚಿತ್ರ ನೋಡುತ್ತದೆ. ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೆ ಸುಡುತ್ತದೆ, ನೇರ ಆಸ್ಪತ್ರೆಗೆ ಹೋಗಿ, ಬಾಟಲಿಯನ್ನೂ ಕೊಂಡುಹೋಗಿ. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ಬೆರೆಸಿ ತೊಳೆದರೆ ಹೆಚ್ಚು ಬಿಳಿಯಾಗುತ್ತದೆ ಎಂಬ ನಂಬಿಕೆಯೂ ಉಂಟು. ಅದರಿಂದ ಏಳುವುದು ಕ್ಲೋರಿನ್ ಗಾಳಿ, ತೊಳೆಯುವವರ ಶ್ವಾಸಕೋಶಕ್ಕೇ ಏಟು.

ಮನೆಯ ಮಾತಾಯಿತು, ಮಸೀದಿಯ ಮಾತನ್ನೂ ಹೇಳಿಬಿಡುತ್ತೇವೆ. ನಮ್ಮ ಊರುಗಳಲ್ಲಿ ಮಸೀದಿಗಳು ಹೊಸತಾಗುತ್ತಿವೆ, ಗ್ರಾನೈಟ್ ಬರುತ್ತಿದೆ, ಎಸಿ ಬರುತ್ತಿದೆ. ಹೌಳಿನ ಮೆಟ್ಟಿಲಿಗೆ ಹಿಡಿಯಲು ಒಂದು ಪೈಪ್ ಎಷ್ಟು ಮಸೀದಿಗಳಲ್ಲಿ ಉಂಟು? ವುಝೂವಿನ ಸಾಲಿನಲ್ಲಿ ಎರಡು ಎತ್ತರದ ಸೀಟು, ಪಕ್ಕದಲ್ಲಿ ಹ್ಯಾಂಡಲ್, ಒರಟು ನೆಲ, ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಪಾಚಿ ಉಜ್ಜಲು ಒಬ್ಬರು, ಇಷ್ಟು ಸಾಕು. ನಮಾಝಿಗೆ ಕುರ್ಚಿ ಇಟ್ಟಿದ್ದೇವೆ, ಒಳ್ಳೆಯದು. ಕುರ್ಚಿಯ ತನಕ ಆ ಹಿರಿಯರು ಹೌಳಿನ ಮೇಲಿಂದಲೇ ಬರಬೇಕಲ್ಲ. ಜಮಾಅತ್ ಕಮಿಟಿಗಳ ಮುಂದಿನ ಮೀಟಿಂಗಿನಲ್ಲಿ ಪೈಂಟಿಂಗಿನ ಲೆಕ್ಕಕ್ಕಿಂತ ಮೊದಲು ಇದನ್ನು ತೆಗೆದುಕೊಳ್ಳಬಹುದೇ? ಉಸ್ತಾದರು ಮದ್ರಸದಲ್ಲಿ ಬಾತ್‌ರೂಮಿಗೆ ಎಡಗಾಲಿಟ್ಟು ಹೋಗಿ ಬಲಗಾಲಿಟ್ಟು ಬರಬೇಕು ಎಂದು ಕಲಿಸುವಾಗ, ಹೊರಬರುವ ಮೊದಲು ಬಕೆಟ್ ಕವುಚಿ, ನೆಲಕ್ಕೆ ವೈಪರ್ ಎಳೆದು ಬನ್ನಿ, ನಿಮ್ಮ ನಂತರ ಅಜ್ಜಿ ಬರುತ್ತಾರೆ ಎಂದೂ ಸೇರಿಸಿದರೆ ಮಕ್ಕಳು ಖಂಡಿತ ಕೇಳುತ್ತಾರೆ. ನಮ್ಮ ಮಾತಿಗಿಂತ ಉಸ್ತಾದರ ಮಾತಿಗೆ ಬೆಲೆ ಹೆಚ್ಚು.

ಗಲ್ಫಿನಲ್ಲಿರುವ ಮಕ್ಕಳಿಗೂ ಒಂದು ಮಾತು. ಬಾತ್‌ರೂಮಿನ ಡಿಸೈನನ್ನು ಅಲ್ಲಿಂದ ವಾಟ್ಸ್‌ಆ್ಯಪಿನಲ್ಲಿ ಕಳಿಸುವವರು ನೀವು, ಒಪ್ಪುವವರು ಇಲ್ಲಿನ ಎಂಜಿನಿಯರ್, ಕೂರಿಸುವವರು ಟೈಲ್ಸಿನವರು. ದಿನಕ್ಕೆ ಹತ್ತು ಸಲ ಅದರೊಳಗೆ ಹೋಗಿ ಬರುವ ಉಮ್ಮನನ್ನು ಈ ಮೂವರಲ್ಲಿ ಯಾರೂ ಕೇಳುವುದಿಲ್ಲ. ವರ್ಷಕ್ಕೆ ಒಂದು ತಿಂಗಳು ರಜೆಯಲ್ಲಿ ಬರುವ ನಿಮಗೆ ಚಂದ ಕಾಣಬೇಕು ಎಂದು ಉಳಿದ ಹನ್ನೊಂದು ತಿಂಗಳು ಅವರು ಗೋಡೆ ಹಿಡಿದು ನಡೆಯುತ್ತಾರೆ.

ಉಮ್ಮ ಈಗ ವಾಕರ್ ಹಿಡಿದು ನಡೆಯುತ್ತಾರೆ. ಹ್ಯಾಂಡಲ್ ಹಾಕಿಸಿದ ಹೊಸತರಲ್ಲಿ ನೆಂಟರು ಬಂದಾಗ ಅದರ ಮೇಲೆ ಟವೆಲ್ ಹಾಕಿ ಮುಚ್ಚುತ್ತಿದ್ದರು. ಈಗ ಮುಚ್ಚುವುದಿಲ್ಲ. ಮೊನ್ನೆ ಅವರ ವಯಸ್ಸಿನ ಗೆಳತಿಯೊಬ್ಬರು ಬಂದಿದ್ದಾಗ ಬಾತ್‌ರೂಮಿನಿಂದ ಹೊರಬಂದು, ‘ಇದು ಒಳ್ಳೆದುಂಟು, ಎಲ್ಲಿಂದ ತರಿಸಿದ್ದು?’ ಎಂದು ಕೇಳಿದರು. ಉಮ್ಮ ನಮ್ಮ ಕಡೆ ನೋಡದೆ, ‘ಮಕ್ಕಳು ಮನೆ ಕಟ್ಟುವಾಗಲೇ ಹಾಕಿಸಿದ್ದು’ ಎಂದರು. ನಾವು ಏನೂ ಹೇಳಲಿಲ್ಲ. ಮರುದಿನ ಆ ಗೆಳತಿಯ ಮಗನಿಗೆ ಫೋನ್ ಮಾಡಿ ಅಂಗಡಿಯ ವಿಳಾಸ, ನಮ್ಮ ಮೇಸ್ತ್ರಿಯ ನಂಬರ್ ಕೊಟ್ಟೆವು. ಬೋಲ್ಟ್ ಉದ್ದದ್ದೇ ಹಾಕಿಸಲು ಹೇಳಿದ್ದೇವೆ.